ಮನೆಯ ಕಂಪ್ಯೂಟರಿನಲ್ಲಿ ವಾದ್ಯಧ್ವನಿಗಳ ದಾಖಲೆ

ಇತಿಹಾಸವನ್ನು ಬೋಧಿಸುವವನೊಬ್ಬನು ಕಂಪ್ಯೂಟರಿನಲ್ಲಿ ಕೂಡಿಟ್ಟ ವಾದ್ಯಧ್ವನಿಗಳನ್ನು ಕುರಿತು ಬರೆಯಲು ಹೊರಟಿರುವುದು ಈ ಪತ್ರಿಕೆಯ ವಾಚಕರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಇಂದು ಮನೆಯ ಕಂಪ್ಯೂಟರಿನ ಮುಂದೆ ಕುಳಿತು ಸ್ವರಸಂಯೋಜನೆ ಮಾಡುವವರು ವಿರಳರಲ್ಲ. ಅವರು ಅಲ್ಲಿಂದ ಇಲ್ಲಿಂದ ಸಂಗ್ರಹಿಸಿದ ಕೊಳಲು, ಪಿಟೀಲು, ತಬಲ, ಪಿಯಾನೊಗಳ ಧ್ವನಿ ಕಡತಗಳು ಒಂದೆರಡು ವರ್ಷಗಳಲ್ಲಿಯೇ ಸಾವಿರಗಟ್ಟಲೆಯಾಗಿ ಬೆಳೆಯುತ್ತವೆ. ಆಮೇಲೆ ಬೇಕಾದ ಧ್ವನಿ ಸಿಕ್ಕುವುದಿಲ್ಲ. ಸಿಕ್ಕಿದ್ದು ಯಾವ ವಾದ್ಯದ್ದೆಂದು ತಿಳಿಯುವುದಿಲ್ಲ. ಹಿಂದೆ ರಚಿಸಿದ ಕೃತಿಯನ್ನು ತೆರೆದರೆ ಅರ್ಧ ವಾದ್ಯಗಳು ಮೂಕವಾಗಿರುತ್ತವೆ. ಈ ತೊಂದರೆಗೆ ಕಾರಣ ಸಂಗೀತಜ್ಞಾನದ ಕೊರತೆಯಲ್ಲ, ಯಂತ್ರದ ದೋಷವೂ ಅಲ್ಲ; ದಾಖಲೆಗಳನ್ನು ಇಡುವ ಕ್ರಮದ ಕೊರತೆ. ದಾಖಲೆಗಳನ್ನು ಹೇಗೆ ಇಡಬೇಕೆಂಬ ಪ್ರಶ್ನೆಯಾದರೋ ಇತಿಹಾಸದ ವಿದ್ಯಾರ್ಥಿಗಳಿಗೆ ಹಳೆಯ ಪರಿಚಯದ್ದು. ಆ ಪರಿಚಯವನ್ನು ಈ ಹೊಸ ಕ್ಷೇತ್ರಕ್ಕೆ ಅನ್ವಯಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

೧. ಧ್ವನಿ ಕಡತಗಳ ಸ್ವರೂಪ

ಮೊದಲು ಕೆಲವು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಕಂಪ್ಯೂಟರಿಗೂ ವಿದ್ಯುದ್ವಾದ್ಯಗಳಿಗೂ ನಡುವೆ ನಡೆಯುವ ಸಂಭಾಷಣೆಗೆ ‘ಮಿಡಿ’ ಎಂಬ ಸಂಕೇತಪದ್ಧತಿ ಬಳಕೆಯಲ್ಲಿದೆ. ಇದು ೧೯೮೩ರಲ್ಲಿ ರೂಪುಗೊಂಡದ್ದು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುಟಾರೊ ಕಕೆಹಾಶಿ ಇವರಿಬ್ಬರ ಹೆಸರುಗಳು ಅದರೊಡನೆ ಮುಖ್ಯವಾಗಿ ಸೇರಿಕೊಂಡಿವೆ. ಮಿಡಿ ಕಡತದಲ್ಲಿ ನಾದವೆಂಬುದಿಲ್ಲ. ಯಾವ ಸ್ವರವನ್ನು, ಯಾವ ಕ್ಷಣದಲ್ಲಿ, ಎಷ್ಟು ಬಲದಿಂದ ನುಡಿಸಬೇಕೆಂಬ ಆಜ್ಞೆಗಳು ಮಾತ್ರ ಅದರಲ್ಲಿರುತ್ತವೆ. ಅದನ್ನು ಸ್ವರಲಿಪಿಯ ಪುಸ್ತಕಕ್ಕೆ ಹೋಲಿಸಬಹುದು. ಪುಸ್ತಕವನ್ನು ಕಿವಿಗೆ ಹಿಡಿದರೆ ಏನೂ ಕೇಳಿಸದು. ನುಡಿಸುವ ವಾದ್ಯ ಬೇಕು.

ಆ ವಾದ್ಯದ ಸ್ಥಾನದಲ್ಲಿ ನಿಲ್ಲುವುದು ‘ಧ್ವನಿಮಾದರಿ’. ವಾದ್ಯದ ಒಂದೊಂದು ಸ್ವರವನ್ನೋ ಒಂದೊಂದು ಪೆಟ್ಟನ್ನೋ ಬೇರೆಬೇರೆಯಾಗಿ ಧ್ವನಿಮುದ್ರಿಸಿದ ತುಣುಕಿಗೆ ಈ ಹೆಸರು. ಸಾಮಾನ್ಯ ಗುಣಮಟ್ಟದ ಮುದ್ರಣದಲ್ಲಿ ಯಂತ್ರವು ಸೆಕೆಂಡಿಗೆ ೪೪,೧೦೦ ಸಲ ನಾದವನ್ನು ಅಳೆಯುತ್ತದೆ. ಪ್ರತಿಯೊಂದು ಅಳತೆಗೂ ೧೬ ಬಿಟ್ಟುಗಳು, ಎಡಬಲಗಳೆಂದು ಎರಡು ವಾಹಿನಿಗಳು. ಈ ಲೆಕ್ಕದಿಂದ ಒಂದು ಸೆಕೆಂಡಿನ ನಾದಕ್ಕೆ ೧,೭೬,೪೦೦ ಬೈಟುಗಳೂ ಒಂದು ನಿಮಿಷಕ್ಕೆ ಸುಮಾರು ೧೦.೬ ಮೆಗಾಬೈಟುಗಳೂ ಬೇಕಾಗುತ್ತವೆ. ಪಿಯಾನೊದ ೮೮ ಮನೆಗಳನ್ನು ಮೃದುವಿನಿಂದ ತೀವ್ರದವರೆಗೆ ನಾಲ್ಕು ಬಲಗಳಲ್ಲಿ, ತಲಾ ಎಂಟು ಸೆಕೆಂಡುಗಳಂತೆ ಮುದ್ರಿಸಿದರೆ ೩೫೨ ಕಡತಗಳಾಗುತ್ತವೆ. ಅವು ಸುಮಾರು ೫೦೦ ಮೆಗಾಬೈಟುಗಳಷ್ಟು ಸ್ಥಳವನ್ನು ಆಕ್ರಮಿಸುತ್ತವೆ. ಒಂದೇ ವಾದ್ಯಕ್ಕೆ ಇಷ್ಟಾದರೆ ಒಂದು ವಾದ್ಯವೃಂದಕ್ಕೆ ಎಷ್ಟಾದೀತೆಂಬುದನ್ನು ವಾಚಕರೇ ಊಹಿಸಬಹುದು.

ಈ ಮಾದರಿಗಳನ್ನು ಜೋಡಿಸಿಡುವ ವಿಧಾನಗಳು ಹಲವಿದ್ದರೂ ಮನೆಯ ಬಳಕೆಗೆ ಎರಡನ್ನು ತಿಳಿದರೆ ಸಾಕು. ಮೊದಲನೆಯದು ‘ಸೌಂಡ್‌ಫಾಂಟ್’. ೧೯೯೪ರಲ್ಲಿ ಸೌಂಡ್‌ ಬ್ಲಾಸ್ಟರ್ ಎಡಬ್ಲ್ಯೂಇ ೩೨ ಎಂಬ ಧ್ವನಿಫಲಕದೊಡನೆ ಬಳಕೆಗೆ ಬಂದ ಈ ಪದ್ಧತಿಯಲ್ಲಿ ಮಾದರಿಗಳೂ, ಅವುಗಳನ್ನು ನುಡಿಸುವ ನಿಯಮಗಳೂ, ಹೆಸರುಗಳೂ ಒಂದೇ ಕಡತದೊಳಗೆ ಅಡಕವಾಗಿರುತ್ತವೆ. ಎರಡನೆಯದು ‘ಎಸ್‌ಎಫ್‌ಝಡ್’. ಇದರಲ್ಲಿ ಒಂದು ಸಣ್ಣ ಪಠ್ಯಕಡತವಿರುತ್ತದೆ. ಇಂಥ ಸ್ವರಕ್ಕೆ ಇಂಥ ಫೋಲ್ಡರಿನಲ್ಲಿರುವ ಇಂಥ ಧ್ವನಿಮಾದರಿಯೆಂದು ಅದರಲ್ಲಿ ಬರೆದಿರುತ್ತದೆ. ಮಾದರಿಗಳು ಬೇರೆಯಾಗಿರುತ್ತವೆ. ನಮಗೆ ಪರಿಚಿತವಾದ ಮಾತಿನಲ್ಲಿ ಹೇಳುವುದಾದರೆ, ಸೌಂಡ್‌ಫಾಂಟು ದಾರ ಹಾಕಿ ಬಿಗಿದ ಓಲೆಗಟ್ಟು. ಎಸ್‌ಎಫ್‌ಝಡ್ ಬಿಡಿ ಓಲೆಗಳ ಮೇಲಿಟ್ಟ ವಿಷಯಾನುಕ್ರಮಣಿಕೆ. ಒಂದು ಓಲೆಯನ್ನು ತೆಗೆದು ಬೇರೆಡೆ ಇಟ್ಟರೆ ಅನುಕ್ರಮಣಿಕೆ ಮೊದಲಿನಂತೆಯೇ ಇರುತ್ತದೆ, ಓಲೆ ಮಾತ್ರ ಸಿಕ್ಕುವುದಿಲ್ಲ. ತಂತ್ರಾಂಶದಲ್ಲಿ ನಾವು ರಚಿಸುವ ಕೃತಿಯ ಕಡತದ ಸ್ಥಿತಿಯೂ ಬಹುಮಟ್ಟಿಗೆ ಇದೇ. ಅದರಲ್ಲಿ ಸಾಮಾನ್ಯವಾಗಿ ನಾದಗಳಿರುವುದಿಲ್ಲ, ನಾದಗಳ ವಿಳಾಸಗಳಿರುತ್ತವೆ. ವಿಳಾಸ ಬದಲಾದರೆ ಕೃತಿ ಮೂಕವಾಗುತ್ತದೆ.

೨. ವರ್ಗೀಕರಣದ ಆಸೆ

ವಸ್ತುಗಳು ಹೆಚ್ಚಿದಾಗ ಅವುಗಳನ್ನು ಜಾತಿವಾರಾಗಿ ವಿಂಗಡಿಸಬೇಕೆಂದು ತೋರುವುದು ಸಹಜ. ವಾದ್ಯಗಳ ವಿಷಯದಲ್ಲಿ ಈ ಆಸೆ ಬಹಳ ಪುರಾತನವಾದದ್ದು. ಭರತನ ನಾಟ್ಯಶಾಸ್ತ್ರದಲ್ಲಿ ತತ, ಅವನದ್ಧ, ಘನ, ಸುಷಿರ ಎಂಬ ನಾಲ್ಕು ವಿಭಾಗಗಳು ಹೇಳಲ್ಪಟ್ಟಿವೆ. ತಂತಿಯಿಂದ, ಬಿಗಿದ ಚರ್ಮದಿಂದ, ಘನವಸ್ತುವಿನಿಂದ, ಗಾಳಿಯಿಂದ ನಾದ ಹುಟ್ಟುವ ವಾದ್ಯಗಳೆಂದು ಅವುಗಳ ಅರ್ಥ. ಈ ಚತುರ್ವಿಧ ವಿಭಾಗಕ್ಕೂ ಯುರೋಪಿಗೂ ನಡುವಿನ ಸಂಬಂಧದ ಕಥೆ ಕುತೂಹಲಕರವಾದದ್ದು. ೧೮೭೬ರಲ್ಲಿ ಕಲ್ಕತ್ತೆಯ ರಾಜಾ ಸೌರೀಂದ್ರಮೋಹನ ಟಾಗೋರರು ಬೆಲ್ಜಿಯಮಿನ ದೊರೆ ಎರಡನೆಯ ಲಿಯೊಪೋಲ್ಡನಿಗೆ ಸುಮಾರು ನೂರು ಭಾರತೀಯ ವಾದ್ಯಗಳನ್ನು ಕಳುಹಿಸಿಕೊಟ್ಟರು. ಮರುವರ್ಷ ಬ್ರಸೆಲ್ಸಿನ ಸಂಗೀತಶಾಲೆಗೆ ಸೇರಿದಂತೆ ಸ್ಥಾಪಿತವಾದ ವಾದ್ಯಸಂಗ್ರಹಾಲಯಕ್ಕೆ ಅವು ಸೇರಿದವು. ಅಲ್ಲಿಯ ಅಧಿಕಾರಿಯಾಗಿದ್ದ ವಿಕ್ತೋರ್ ಮಾಯೋನನು ತನ್ನ ವಾದ್ಯಗಳ ಪಟ್ಟಿಯಲ್ಲಿ ಅನುಸರಿಸಿದ ನಾಲ್ಕು ವರ್ಗಗಳು ಭರತನ ನಾಲ್ಕು ವರ್ಗಗಳಿಗೆ ಸರಿಹೊಂದುತ್ತವೆ. ಈ ಪಟ್ಟಿಯ ಆಧಾರದ ಮೇಲೆ ೧೯೧೪ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಸಾಕ್ಸ್ ಎಂಬ ವಿದ್ವಾಂಸರು ದಶಮಾಂಶದ ಅಂಕೆಗಳಿಂದ ಕೂಡಿದ ವಿಸ್ತಾರವಾದ ವರ್ಗೀಕರಣವನ್ನು ಪ್ರಕಟಿಸಿದರು. ಜಗತ್ತಿನ ವಾದ್ಯಸಂಗ್ರಹಾಲಯಗಳಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ.

ಕಂಪ್ಯೂಟರಿನ ಲೋಕ ಅನುಸರಿಸಿದ ದಾರಿ ಬೇರೆ. ೧೯೯೧ರಲ್ಲಿ ‘ಜನರಲ್ ಮಿಡಿ’ ಎಂಬ ಪಟ್ಟಿ ಪ್ರಕಟವಾಯಿತು. ಅದರಲ್ಲಿ ೧೨೮ ವಾದ್ಯಗಳು, ಎಂಟೆಂಟರಂತೆ ೧೬ ಕುಟುಂಬಗಳಲ್ಲಿ ಹಂಚಲ್ಪಟ್ಟಿವೆ. ನಮ್ಮ ಸಿತಾರಿಗೆ ೧೦೫ನೆಯ ಸ್ಥಾನ, ಷಹನಾಯಿಗೆ ೧೧೨ನೆಯದು. ಇವೆರಡರ ನಡುವೆ ಅದೇ ಕುಟುಂಬದಲ್ಲಿ ಬ್ಯಾಂಜೊ, ಜಪಾನಿನ ಶಾಮಿಸೆನ್ ಮತ್ತು ಕೋಟೊ, ಆಫ್ರಿಕದ ಕಲಿಂಬ, ಬ್ಯಾಗ್‌ಪೈಪು, ಜಾನಪದ ಪಿಟೀಲು ಇವೆ. ತಂತಿ, ಗಾಳಿ, ಲೋಹದ ನಾಲಗೆ ಎಂಬ ಭೇದ ಇಲ್ಲಿಲ್ಲ. ಪಟ್ಟಿಯನ್ನು ಮಾಡಿದವರ ಮನೆಯಿಂದ ದೂರವಾಗಿರುವುದೇ ಬಹುಮಟ್ಟಿಗೆ ಇವುಗಳ ಸಮಾನಧರ್ಮ. ವೀಣೆ, ಮೃದಂಗ, ತಬಲ ಇವು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಒಂದು ವಾದ್ಯ ಎಲ್ಲಿಗೆ ಸೇರಬೇಕೆಂಬುದು ಇದರಿಂದಲೇ ವಿವಾದಾಸ್ಪದವಾಗುತ್ತದೆ. ಹಾರ್ಮೋನಿಯಮನ್ನೇ ನೋಡಿ. ಭರತನ ಕ್ರಮದಲ್ಲಿ ಅದು ಗಾಳಿಯ ವಾದ್ಯವಾದುದರಿಂದ ಕೊಳಲಿನ ಬಳಗ. ಜನರಲ್ ಮಿಡಿಯಲ್ಲಿ ಅದಕ್ಕೆ ಸಮೀಪವಾದ ರೀಡ್ ಆರ್ಗನ್ನು ೨೧ನೆಯದಾಗಿ ಆರ್ಗನ್ನುಗಳ ಕುಟುಂಬದಲ್ಲಿದೆ. ಕೊಳಲು ೭೪ನೆಯದಾಗಿ ಬೇರೊಂದು ಕುಟುಂಬದಲ್ಲಿದೆ. ಕಂಪನಿ ನಾಟಕದ ಸಂಗೀತವನ್ನು ಸಂಯೋಜಿಸುವವನಿಗೆ ಹಾರ್ಮೋನಿಯಮು ತಬಲದ ಪಕ್ಕದಲ್ಲಿಯೇ ಇರಬೇಕು. ಮೂವರೂ ಹೇಳುವುದು ಸರಿಯೇ. ಆದರೆ ಕಂಪ್ಯೂಟರಿನಲ್ಲಿ ಒಂದು ಕಡತಕ್ಕೆ ಸಾಮಾನ್ಯವಾಗಿ ಇರುವುದು ಒಂದೇ ಸ್ಥಾನ. ಇಂದು ಜಾತಿವಾರಾಗಿ ವಿಂಗಡಿಸಿದವನು ನಾಳೆ ಪ್ರಾಂತವಾರಾಗಿ ವಿಂಗಡಿಸಬಯಸಿ ಕಡತಗಳನ್ನು ಸ್ಥಳಾಂತರಿಸುತ್ತಾನೆ. ಪ್ರತಿಯೊಂದು ಸ್ಥಳಾಂತರದಲ್ಲಿಯೂ ಕೆಲವು ವಿಳಾಸಗಳು ಸುಳ್ಳಾಗುತ್ತವೆ.

೩. ಒಂದು ನಷ್ಟ

ನನ್ನ ಸ್ವಂತ ಅನುಭವವನ್ನು ಇಲ್ಲಿ ಹೇಳದಿದ್ದರೆ ಈ ವಿಷಯದ ಗಾಂಭೀರ್ಯ ತಿಳಿಯಲಾರದು. ಕೆಲವು ವರ್ಷಗಳ ಹಿಂದೆ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೂಡಲಪಾಯದ ಆಟಗಳಿಗೆ ಮುಖವೀಣೆ ನುಡಿಸುತ್ತಿದ್ದ ವೃದ್ಧರೊಬ್ಬರನ್ನು ಭೇಟಿಯಾದೆ. ಮುಖವೀಣೆಯೆಂಬುದು ಹೆಸರಿನಲ್ಲಿ ವೀಣೆಯಾದರೂ ವಾಸ್ತವವಾಗಿ ಜೋಡಿ ನಾಲಗೆಯ ಪೀಪಿಯಿಂದ ಊದುವ ಚಿಕ್ಕ ಸುಷಿರವಾದ್ಯ. ಅವರ ಬಳಿ ಎರಡು ಮುಖವೀಣೆಗಳಿದ್ದವು. ಒಂದು ಅವರದು, ಇನ್ನೊಂದು ಅವರ ತಂದೆ ನುಡಿಸುತ್ತಿದ್ದುದು. ಎರಡರ ಶ್ರುತಿಯೂ ಹೆಚ್ಚುಕಡಿಮೆ ಒಂದೇ. ಎರಡು ಮಧ್ಯಾಹ್ನಗಳ ಕಾಲ ಅವರು ಬೇಸರಿಸದೆ ಒಂದೊಂದೇ ಸ್ವರವನ್ನು ಊದಿದರು. ಪ್ರತಿಸಲವೂ ಊದುವ ಮೊದಲು “ಇದು ನಮ್ಮಪ್ಪಂದು”, “ಇದು ನಂದು” ಎಂದು ಹೇಳಿ ಊದಿದರು.

ಮನೆಗೆ ಬಂದು ಆ ಮುದ್ರಣವನ್ನು ಇನ್ನೂರಕ್ಕೂ ಮಿಕ್ಕ ತುಣುಕುಗಳಾಗಿ ಕತ್ತರಿಸಿದೆ. ಸಂಗೀತಕ್ಕೆ ಬೇಕಾದುದು ಸ್ವರ ಮಾತ್ರವೆಂದು ಭಾವಿಸಿ ಮಾತುಗಳನ್ನೆಲ್ಲ ತೆಗೆದುಹಾಕಿದೆ. ತಂತ್ರಾಂಶ ತಾನಾಗಿ ಕೊಟ್ಟ ಒಂದು, ಎರಡು, ಮೂರು ಎಂಬ ಅಂಕೆಗಳೇ ಅವುಗಳ ಹೆಸರುಗಳಾದವು. ಎಲ್ಲವನ್ನೂ ‘ಸುಷಿರ’ ಎಂಬ ಒಂದೇ ಫೋಲ್ಡರಿನಲ್ಲಿ, ಬೇರೆ ಕಡೆಯಿಂದ ಬಂದ ಕೊಳಲು ಷಹನಾಯಿಗಳೊಡನೆ ಬೆರೆಸಿ ಇಟ್ಟೆ. ಮುಂದೆ ಅವುಗಳ ಗಟ್ಟಿತನವನ್ನು ಸಮಮಾಡಿ ಹೊಸದಾಗಿ ಉಳಿಸಿದಾಗ ಎಲ್ಲ ಕಡತಗಳಿಗೂ ಒಂದೇ ದಿನಾಂಕ ಬಂದಿತು. ಸ್ಥಳ ಸಾಲದೆಂದು ಮೂಲದ ದೀರ್ಘ ಮುದ್ರಣವನ್ನು ಅಳಿಸಿಬಿಟ್ಟೆ.

ಆ ಹಿರಿಯರು ತೀರಿಕೊಂಡ ಮೇಲೆ ಅವರ ಮಗ ನನ್ನಲ್ಲಿಗೆ ಬಂದರು. ಅಜ್ಜನ ಮುಖವೀಣೆ ಸೀಳಿಹೋಗಿ ಈಗ ಊದಲು ಬರುವುದಿಲ್ಲವೆಂದೂ, ಅದರ ನಾದವನ್ನು ಒಮ್ಮೆ ಕೇಳಿಸಬೇಕೆಂದೂ ಕೋರಿದರು. ನನ್ನ ಬಳಿ ಆ ನಾದವಿತ್ತು. ಆದರೆ ಇನ್ನೂರು ತುಣುಕುಗಳಲ್ಲಿ ಅದು ಯಾವುದೆಂದು ಹೇಳುವ ಶಕ್ತಿ ನನಗಿರಲಿಲ್ಲ. ಶಾಸನದ ಕಲ್ಲನ್ನು ಮೂಲಸ್ಥಾನದಿಂದ ಕಿತ್ತು ತಂದು ಗ್ರಾಮದ ಹೆಸರನ್ನು ಬರೆದಿಡದವನನ್ನು ನಾವು ತರಗತಿಗಳಲ್ಲಿ ಆಕ್ಷೇಪಿಸುತ್ತೇವೆ. ನಾನು ಮಾಡಿದ್ದು ಅದೇ ಕೆಲಸ. ಕಸವೆಂದು ಕತ್ತರಿಸಿದ ಆ ಎರಡು ಮಾತುಗಳೇ ಆ ನಾದದ ದಾಖಲೆಯಾಗಿದ್ದವು.

೪. ಮೂಲಕ್ಕೆ ಮನ್ನಣೆ

ಪತ್ರಾಗಾರಗಳ ಇತಿಹಾಸದಲ್ಲಿಯೂ ಇಂತಹ ನಷ್ಟಗಳು ನಡೆದಿವೆ. ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಅನಂತರ ರಾಶಿರಾಶಿಯಾಗಿ ಬಂದುಬಿದ್ದ ಹಳೆಯ ಪತ್ರಗಳನ್ನು ವಿಷಯವಾರು ಹರಡಿ ಜೋಡಿಸುವ ಪ್ರಯತ್ನ ನಡೆಯಿತು. ಒಂದು ಮಠದ ಅಥವಾ ಒಂದು ಕಚೇರಿಯ ಕಾಗದಗಳು ಹತ್ತು ಕಡೆ ಚದರಿಹೋದವು. ಕಾಗದ ಉಳಿದರೂ ಅದು ಯಾರದು, ಯಾವುದರ ಜೊತೆಯಲ್ಲಿದ್ದುದು ಎಂಬ ತಿಳಿವಳಿಕೆ ಅಳಿಯಿತು. ೧೮೪೧ರಲ್ಲಿ ಅಲ್ಲಿಯ ಸರಕಾರ ಹೊರಡಿಸಿದ ಸುತ್ತೋಲೆಯೊಂದರಲ್ಲಿ ಹೊಸ ನಿಯಮ ವಿಧಿಸಲ್ಪಟ್ಟಿತು. ಒಂದು ಸಂಸ್ಥೆಯಿಂದ, ಒಂದು ಕುಟುಂಬದಿಂದ ಅಥವಾ ಒಬ್ಬ ವ್ಯಕ್ತಿಯಿಂದ ಬಂದ ಪತ್ರಗಳನ್ನು ಒಂದು ಘಟಕವಾಗಿಯೇ ಇಡತಕ್ಕದ್ದು, ಬೇರೆಯವರ ಪತ್ರಗಳೊಡನೆ ಬೆರೆಸತಕ್ಕದ್ದಲ್ಲ ಎಂಬುದು ಅದರ ಸಾರ. ಪುಸ್ತಕಭಂಡಾರದಲ್ಲಿ ವಿಷಯವಾರು ಜೋಡಣೆ ಯುಕ್ತ. ಪತ್ರಾಗಾರದಲ್ಲಿ ಮೂಲವಾರು ಜೋಡಣೆ ಯುಕ್ತ. ವಿಷಯದಿಂದ ಹುಡುಕುವವನಿಗೆ ಬೇಕಾದುದು ಸೂಚಿ. ಅದಕ್ಕಾಗಿ ಪತ್ರಗಳನ್ನೇ ಕದಲಿಸಬೇಕಾಗಿಲ್ಲ.

ಧ್ವನಿ ಕಡತಗಳಿಗೆ ಈ ನಿಯಮ ಆಶ್ಚರ್ಯಕರವಾಗಿ ಹೊಂದುತ್ತದೆ. ಎಸ್‌ಎಫ್‌ಝಡ್ ಪಠ್ಯವು ತನ್ನ ಮಾದರಿಗಳನ್ನು ತನ್ನ ನೆರೆಯಲ್ಲಿಯೇ ಹುಡುಕುತ್ತದೆಯಾದುದರಿಂದ, ಬಂದ ಸಮೂಹವನ್ನು ಬಂದಂತೆಯೇ ಇಟ್ಟರೆ ಅದು ಎಂದೂ ಮುರಿಯುವುದಿಲ್ಲ. ಹೀಗೆ ಯಂತ್ರದ ಅಗತ್ಯವೂ ಇತಿಹಾಸದ ಅಗತ್ಯವೂ ಇಲ್ಲಿ ಒಂದೇ ಆಗಿವೆ. ಕಡತವನ್ನು ಮೂಲದೊಡನೆ ಇಡಬೇಕು. ವರ್ಗೀಕರಣವನ್ನು ಸೂಚಿಯಲ್ಲಿ ಮಾಡಬೇಕು. ಈ ಲೇಖನದಲ್ಲಿ ಹೇಳಬೇಕಾದ ಮುಖ್ಯವಾದ ಮಾತು ಇದೊಂದೇ. ಮುಂದಿನದು ಅದರ ವಿವರಣೆ.

೫. ಅನುಸರಿಸಬಹುದಾದ ಕ್ರಮ

ಮೊದಲನೆಯದಾಗಿ, ಎಲ್ಲ ಧ್ವನಿ ಕಡತಗಳಿಗೂ ಒಂದೇ ಮೂಲ ಫೋಲ್ಡರು ಇರಬೇಕು. ಅದರ ಹೆಸರನ್ನೂ ಸ್ಥಳವನ್ನೂ ಒಮ್ಮೆ ನಿಶ್ಚಯಿಸಿದ ಮೇಲೆ ಬದಲಾಯಿಸಬಾರದು. ಹೊರಗಿನಿಂದ ಜೋಡಿಸುವ ಡಿಸ್ಕಿನಲ್ಲಿ ಇಡುವವರು ಒಂದು ಎಚ್ಚರಿಕೆ ವಹಿಸಬೇಕು. ವಿಂಡೋಸ್ ವ್ಯವಸ್ಥೆ ಡಿಸ್ಕಿಗೆ ಒಂದು ಅಕ್ಷರವನ್ನು ಹೆಸರಾಗಿ ಕೊಡುತ್ತದೆ. ಆ ಅಕ್ಷರ ಬದಲಾದರೆ ಕೃತಿಯಲ್ಲಿರುವ ವಿಳಾಸಗಳೆಲ್ಲ ಒಮ್ಮೆಗೇ ಸುಳ್ಳಾಗಬಹುದು. ಆ ಅಕ್ಷರವನ್ನು ಸ್ಥಿರವಾಗಿ ನಿಗದಿಮಾಡಿಡುವ ಸೌಲಭ್ಯ ಆ ವ್ಯವಸ್ಥೆಯಲ್ಲಿಯೇ ಇದೆ.

ಎರಡನೆಯದಾಗಿ, ಮೂಲ ಫೋಲ್ಡರಿನೊಳಗೆ ಒಂದೊಂದು ಮೂಲಕ್ಕೂ ಒಂದೊಂದು ಫೋಲ್ಡರು. ಇಂಥ ಸಂಸ್ಥೆಯಿಂದ ಪಡೆದದ್ದು, ಇಂಥ ಊರಿನಲ್ಲಿ ಇಂಥವರಿಂದ ಮುದ್ರಿಸಿಕೊಂಡದ್ದು ಎಂಬಂತೆ. ಅದರೊಳಗಿನ ಹೆಸರುಗಳನ್ನು ತಿದ್ದಬಾರದು. ಬಳಕೆಯ ಷರತ್ತುಗಳನ್ನು ತಿಳಿಸುವ ಪತ್ರ ಜೊತೆಯಲ್ಲಿ ಬಂದಿದ್ದರೆ ಅದನ್ನು ಅಲ್ಲಿಯೇ ಇಡಬೇಕು. ಉಚಿತವಾಗಿ ದೊರೆತದ್ದೆಲ್ಲ ನಿರ್ಬಂಧರಹಿತವೆಂದು ಭಾವಿಸುವುದು ತಪ್ಪು.

ಮೂರನೆಯದಾಗಿ, ನಾವೇ ಮುದ್ರಿಸುವಾಗ ಹೆಸರಿನಲ್ಲಿಯೇ ಮುಖ್ಯಾಂಶಗಳನ್ನು ಸೇರಿಸಬೇಕು. ಇದಕ್ಕೆ ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದ ಸಂಗ್ರಹ ಉತ್ತಮ ನಿದರ್ಶನ. ೧೯೯೭ರಿಂದ ಎಲ್ಲರಿಗೂ ಮುಕ್ತವಾಗಿರುವ ಆ ಸಂಗ್ರಹದಲ್ಲಿ ವಾದ್ಯದ ಹೆಸರು, ಕಂಪಿತವೋ ಅಲ್ಲವೋ ಎಂಬುದು, ನುಡಿಸಿದ ಬಲ, ಸ್ವರಗಳ ವ್ಯಾಪ್ತಿ ಇವೆಲ್ಲವೂ ಕಡತದ ಹೆಸರಿನಿಂದಲೇ ತಿಳಿಯುತ್ತವೆ. ಸ್ವರವನ್ನು ಸೂಚಿಸುವಾಗ ಪಾಶ್ಚಾತ್ಯ ಸ್ವರನಾಮಕ್ಕಿಂತ ಮಿಡಿಯ ಸ್ವರಾಂಕವನ್ನು ಬರೆಯುವುದು ಕ್ಷೇಮ. ಪಿಯಾನೊದ ನಡುವಿನ ‘ಸಿ’ ಸ್ವರಕ್ಕೆ ಸ್ವರಾಂಕ ೬೦. ಆದರೆ ಕೆಲವರು ಅದನ್ನು ‘ಸಿ ೩’ ಎಂದೂ ಕೆಲವರು ‘ಸಿ ೪’ ಎಂದೂ ಕರೆಯುತ್ತಾರೆ. ಇದರಿಂದ ಇಡೀ ವಾದ್ಯವೇ ಒಂದು ಸ್ಥಾಯಿ ಮೇಲಕ್ಕೋ ಕೆಳಕ್ಕೋ ಸರಿದುಹೋಗುವ ಸಂಭವವುಂಟು.

ನಮ್ಮ ವಾದ್ಯಗಳಿಗೆ ಇಷ್ಟೇ ಸಾಲದು. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ನಿಯತವಾದ ಸ್ಥಾನವಿಲ್ಲ. ಗಾಯಕನ ಶ್ರುತಿಯೇ ಷಡ್ಜ. ಆದುದರಿಂದ ಯಾವ ಶ್ರುತಿಯಲ್ಲಿ ವಾದ್ಯವನ್ನು ಮೇಳವಿಸಿತ್ತೆಂಬುದನ್ನು, ಬಿಳಿ ಒಂದೋ ಕಪ್ಪು ಎರಡೋ, ಬರೆಯತಕ್ಕದ್ದು. ಗಮಕದಿಂದ ಕೂಡಿದ ಸ್ವರವಾಗಿದ್ದರೆ ರಾಗದ ಹೆಸರೂ ಬೇಕು. ತೋಡಿಯ ಗಾಂಧಾರವನ್ನು ಬರಿಯ ಗಾಂಧಾರವೆಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ. ಕೆಲವು ಹಳೆಯ ತಂತ್ರಾಂಶಗಳು ಕನ್ನಡ ಲಿಪಿಯ ಹೆಸರುಗಳನ್ನು ಓದಲಾರವಾದುದರಿಂದ, ಕಡತದ ಹೆಸರು ರೋಮನ್ ಲಿಪಿಯಲ್ಲಿ ಚಿಕ್ಕದಾಗಿರಲಿ, ಪೂರ್ಣ ವಿವರ ನೋಂದಣಿಯಲ್ಲಿ ಕನ್ನಡದಲ್ಲಿಯೇ ಇರಲಿ.

ನಾಲ್ಕನೆಯದಾಗಿ, ಈ ನೋಂದಣಿ. ಸಾಮಾನ್ಯವಾದ ಕೋಷ್ಟಕದ ತಂತ್ರಾಂಶದಲ್ಲಿ ಇದನ್ನು ಬರೆಯಬಹುದು. ಕ್ರಮಸಂಖ್ಯೆ, ಕಡತದ ಸ್ಥಳ, ವಾದ್ಯ, ಸ್ವರಾಂಕ, ಶ್ರುತಿ, ಬಲ, ವಾದಕರು, ಊರು, ದಿನಾಂಕ, ಹಕ್ಕು ಎಂಬ ಹತ್ತು ಅಂಕಣಗಳು ಸಾಕು. ವರ್ಗೀಕರಣಕ್ಕೆ ಬೇಕಾದಷ್ಟು ಅಂಕಣಗಳನ್ನು ಮುಂದೆ ಸೇರಿಸಬಹುದು. ಭರತನ ವರ್ಗ ಒಂದು ಅಂಕಣ, ಜನರಲ್ ಮಿಡಿಯ ಅಂಕೆ ಒಂದು, ಪ್ರಾಂತ ಒಂದು. ಒಂದೇ ಹಾರ್ಮೋನಿಯಮು ಕೊಳಲಿನ ಬಳಗಕ್ಕೂ, ಆರ್ಗನ್ನಿನ ಬಳಗಕ್ಕೂ, ಕಂಪನಿ ನಾಟಕದ ಬಳಗಕ್ಕೂ ಏಕಕಾಲದಲ್ಲಿ ಸೇರಬಹುದು. ಕಡತ ಮಾತ್ರ ಕದಲುವುದಿಲ್ಲ. ನೋಂದಣಿ ಕಳೆದುಹೋದರೆ ಗತಿಯೇನೆಂಬ ಶಂಕೆಗೂ ಪರಿಹಾರವಿದೆ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವು ೧೯೯೭ರಲ್ಲಿ ರೂಪಿಸಿದ ‘ಬ್ರಾಡ್‌ಕಾಸ್ಟ್ ವೇವ್’ ಕಡತದಲ್ಲಿ ನಾದದ ಜೊತೆಗೆ ವಿವರಣೆ, ಮುದ್ರಿಸಿದವರು, ದಿನಾಂಕ ಇವುಗಳನ್ನು ಒಳಗೇ ಬರೆಯಲು ಅವಕಾಶವಿದೆ. ಸೌಂಡ್‌ಫಾಂಟಿನಲ್ಲಿಯೂ ಅಂತಹ ಸ್ಥಳವುಂಟು. ವ್ಯವಸ್ಥೆ ತೋರಿಸುವ ಕಡತದ ದಿನಾಂಕವನ್ನು ಮಾತ್ರ ನಂಬಬಾರದು. ಅದು ನುಡಿಸಿದ ದಿನವನ್ನಲ್ಲ, ಉಳಿಸಿದ ದಿನವನ್ನು ಹೇಳುತ್ತದೆ.

ಐದನೆಯದಾಗಿ, ಒಂದು ಕೃತಿ ಮುಗಿದ ಮೇಲೆ ಅದರಲ್ಲಿ ಬಳಸಿದ ಮಾದರಿಗಳ ಪ್ರತಿಗಳನ್ನು ಕೃತಿಯ ಫೋಲ್ಡರಿನಲ್ಲಿಯೇ ಸೇರಿಸಿಡುವುದು ಒಳ್ಳೆಯದು. ಅನೇಕ ತಂತ್ರಾಂಶಗಳಲ್ಲಿ ಇದಕ್ಕೆ ಪ್ರತ್ಯೇಕ ಆಜ್ಞೆಯಿದೆ. ಇಡೀ ಸಂಗ್ರಹಕ್ಕೆ ಇನ್ನೆರಡು ಪ್ರತಿಗಳಿರಬೇಕು. ಅವುಗಳಲ್ಲಿ ಒಂದು ಬೇರೊಂದು ಮನೆಯಲ್ಲಿರಬೇಕು. ಕೊನೆಯದಾಗಿ, ಕತ್ತರಿಸದ ಮೂಲ ಮುದ್ರಣವನ್ನು ಎಂದೂ ಅಳಿಸಬಾರದು. ಒಂದು ಗಂಟೆಯ ಮುದ್ರಣಕ್ಕೆ ಬೇಕಾದುದು ಸುಮಾರು ೬೩೫ ಮೆಗಾಬೈಟುಗಳು. ಇಂದಿನ ಡಿಸ್ಕುಗಳಿಗೆ ಇದು ಭಾರವಲ್ಲ.

೬. ಉಪಸಂಹಾರ

ಇಷ್ಟೆಲ್ಲ ಶ್ರಮ ಮನೆಯಲ್ಲಿ ಹವ್ಯಾಸಕ್ಕಾಗಿ ಸಂಗೀತ ರಚಿಸುವವರಿಗೆ ಬೇಕೇ ಎಂದು ಕೆಲವರು ಕೇಳಬಹುದು. ಪಿಯಾನೊ, ಪಿಟೀಲುಗಳ ಮಾದರಿ ಕಳೆದುಹೋದರೆ ಇನ್ನೊಂದು ದೊರೆಯುತ್ತದೆ. ಅವುಗಳನ್ನು ಮುದ್ರಿಸಿದವರು ಜಗತ್ತಿನಲ್ಲಿ ಅನೇಕರು. ಆದರೆ ೧೨೮ರ ಪಟ್ಟಿಯಲ್ಲಿ ಸ್ಥಾನವಿಲ್ಲದ ನಮ್ಮ ವಾದ್ಯಗಳ ಸ್ಥಿತಿ ಹಾಗಲ್ಲ. ಮುಖವೀಣೆಗೆ ಆ ಪಟ್ಟಿಯಲ್ಲಿ ಅತಿ ಸಮೀಪದ ಬಂಧು ಷಹನಾಯಿ. ಬಂಧುವಿನ ಧ್ವನಿ ತನ್ನ ಧ್ವನಿಯಾಗದು. ಅಂತಹ ವಾದ್ಯಗಳನ್ನು ಮುದ್ರಿಸಿಕೊಳ್ಳುವ ವಿದ್ಯಾರ್ಥಿಯ ಕಂಪ್ಯೂಟರು, ಅವನು ಬಯಸಲಿ ಬಯಸದಿರಲಿ, ಒಂದು ಪತ್ರಾಗಾರವಾಗುತ್ತದೆ. ಅದಕ್ಕೆ ತಕ್ಕ ಜವಾಬ್ದಾರಿಯೂ ಅವನ ಮೇಲೆ ಬೀಳುತ್ತದೆ.

ಮುಖವೀಣೆಯ ಆ ತುಣುಕುಗಳನ್ನು ನಾನು ಈಗ ಬೇರೆ ಫೋಲ್ಡರಿಗೆ ತಂದು ನೋಂದಣಿ ಬರೆದಿದ್ದೇನೆ. ಸ್ವರಾಂಕಗಳನ್ನು ಅಳತೆಯಿಂದ ಕಂಡುಹಿಡಿಯಲು ಸಾಧ್ಯವಾಯಿತು. ಊರು, ವಾದಕರ ಹೆಸರು, ವರ್ಷ ನೆನಪಿನಲ್ಲಿದ್ದವು. ‘ವಾದ್ಯ’ ಎಂಬ ಅಂಕಣದಲ್ಲಿ ಮಾತ್ರ ಪ್ರತಿಯೊಂದು ಸಾಲಿನಲ್ಲಿಯೂ “ಎರಡರಲ್ಲಿ ಒಂದು, ಯಾವುದೆಂದು ತಿಳಿಯದು” ಎಂದು ಬರೆಯಬೇಕಾಯಿತು. ಅವರ ಮಗನಿಗೆ ಎಲ್ಲ ತುಣುಕುಗಳ ಪ್ರತಿಯನ್ನೂ ಈ ನೋಂದಣಿಯೊಡನೆ ಕೊಟ್ಟಿದ್ದೇನೆ. ಇಂತಹ ಸಾಲನ್ನು ಬರೆಯುವ ಪ್ರಸಂಗ ನಮ್ಮ ವಿದ್ಯಾರ್ಥಿಗಳಿಗೆ ಬಾರದಿರಲೆಂಬುದೇ ಈ ಲೇಖನದ ಆಶಯ.